ಮೇಷ್ಟ್ರುಗಳ ಸಭೆಯಲ್ಲಿ ನಮ್ಮ ಮಾತು ಬರಬೇಕು



ಕಾಲೇಜಿನಲ್ಲಿ ನಿಮಗೊಬ್ಬ ಮೆಂಟರ್ ಮೇಷ್ಟ್ರು ಇದ್ದಾರೆ. ಇದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಯಾವ ವಿಷಯ ತಗೋಬೇಕು, ಉಳಿದ ಪೇಪರು ಹೇಗೆ ಪಾಸು ಮಾಡಬೇಕು, ಹಾಜರಿ ಕಮ್ಮಿ ಬಿದ್ದರೆ ಏನು ದಾರಿ ಅಂತ ಹೇಳಬೇಕಾದವರು ಅವರು. ಎಷ್ಟೋ ಕಡೆ ಅವರ ಹೆಸರು ಇರೋದು ರಿಜಿಸ್ಟರಿನಲ್ಲಿ ಮಾತ್ರ. ನ್ಯಾಕ್ ತಂಡ ಬರುವ ವಾರ ರಿಜಿಸ್ಟರು ಹೊರಗೆ ಬರುತ್ತದೆ. ಹುಡುಗರ ಸಹಿ ಬೀಳುತ್ತದೆ. ಮತ್ತೆ ಬೀರು ಸೇರುತ್ತದೆ. ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಅಂತ ನ್ಯಾಕ್ ಲೆಕ್ಕ ಕೇಳಿತು, ಕಾಲೇಜು ಲೆಕ್ಕ ಕೊಟ್ಟಿತು. ಈ ಕೆಲಸವನ್ನು ಆ ಮೇಷ್ಟ್ರಿಗೆ ಕಲಿಸಿದವರು ಯಾರು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದು ಒಂದು ಉದ್ಯೋಗ. 1977ರಲ್ಲಿ ಅಲ್ಲಿನ ಸಲಹೆಗಾರರು ಬರ್ಲಿಂಗ್‌ಟನ್ ಊರಿನಲ್ಲಿ ಮೊದಲ ಸಲ ದೇಶಮಟ್ಟದ ಸಭೆ ಸೇರಿದರು. 1979ರಲ್ಲಿ ನಕಾಡಾ ಅನ್ನೋ ಸಂಘ ಕಟ್ಟಿಕೊಂಡರು. ಅಲ್ಲಿ ಎಲ್ಲಾ ಸರಿಯಿದೆ ಅಂತಲ್ಲ. ಸಲಹೆ ಕೊಡೋದೂ ಕಲಿತು ಮಾಡಬೇಕಾದ ಕೆಲಸ ಅಂತ ಒಪ್ಪಿಕೊಂಡಿದ್ದಾರೆ, ಅಷ್ಟೆ.

ನಮ್ಮಲ್ಲಿ ತರಬೇತಿಗೆ ಜಾಗ ಇಲ್ಲವೆ? ಇದೆ. 1986ರ ಶಿಕ್ಷಣ ನೀತಿಯ ನಂತರ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಿಗೂ ಬಂದವು. 2023ರಲ್ಲಿ ಇವಕ್ಕೆ ಮಾಳವೀಯ ಮಿಷನ್ ಅಂತ ಹೊಸ ಬೋರ್ಡು ಬಿತ್ತು. ಅಲ್ಲಿ ಕೋರ್ಸು ಮುಗಿಸಿದ ಸರ್ಟಿಫಿಕೇಟು ಮೇಷ್ಟ್ರುಗಳ ಬಡ್ತಿಗೆ ಬೇಕು. ಬಡ್ತಿ ಸಿಗಲಿ, ನಮ್ಮ ತಕರಾರಿಲ್ಲ. ಆದರೆ ಕೋರ್ಸು ಮುಗಿಸಿ ಬಂದ ಮೇಲೆ ಹಾಸ್ಟೆಲ್ಲಿನ ಹುಡುಗಿ ಕೇಳೋ ಪ್ರಶ್ನೆಗೆ ಅವರಲ್ಲಿ ಉತ್ತರ ಇರಬೇಕಲ್ಲ! ಎಸ್‌ಎಸ್‌ಪಿ ಅರ್ಜಿ ಎಲ್ಲಿ ನಿಂತಿದೆ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಸ್ಕಾಲರ್‌ಶಿಪ್ ತಡೆದಿದೆ, ಯಾರನ್ನು ಕೇಳಬೇಕು? ಪಿಯುಸಿವರೆಗೆ ಕನ್ನಡದಲ್ಲಿ ಓದಿದವಳಿಗೆ ಇಂಗ್ಲಿಷ್ ಪಾಠ ತಲೆಗೆ ಹತ್ತದಿದ್ದರೆ ಏನು ಮಾಡಬೇಕು? ಇದಕ್ಕೆಲ್ಲ ‘ಆಫೀಸಿನಲ್ಲಿ ಕೇಳಮ್ಮ’ ಅನ್ನೋದು ಸಲಹೆಯಲ್ಲ, ಸಾಗಹಾಕೋದು.

ಇನ್ನು ಜಾತಿಯ ಮಾತು. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಮೇಷ್ಟ್ರುಗಳಿಂದ ಸಾಕಷ್ಟು ನೆರವು ಸಿಗುತ್ತಿಲ್ಲ ಅಂತ ನಮ್ಮ ಹುಡುಗರು ಹೇಳಿದ್ದು ಅದರಲ್ಲಿ ದಾಖಲಾಗಿದೆ. 2012ರಲ್ಲಿ ಯುಜಿಸಿ ಭೇದಭಾವ ತಡೆಯುವ ನಿಯಮ ಮಾಡಿತು. ನಿಯಮ ಕಾಗದದ ಮೇಲಿದ್ದರೆ ಸಾಲದು. ‘ಕೋಟಾದವನಿಗೆ ಇಷ್ಟು ಸಾಕು’ ಅಂತ ಮೊದಲೇ ತೀರ್ಮಾನಿಸಿ ಕೂತವರು ಕೊಡೋ ಸಲಹೆ ನಮ್ಮನ್ನು ಎಲ್ಲಿಗೆ ಮುಟ್ಟಿಸುತ್ತದೆ? ಮೇಷ್ಟ್ರ ತರಬೇತಿ ಶುರುವಾಗಬೇಕಾದ್ದೇ ಇಲ್ಲಿಂದ.

ಮೇಷ್ಟ್ರುಗಳ ಕಷ್ಟವೂ ನಮಗೆ ಗೊತ್ತು. ಸರ್ಕಾರಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ತನ್ನ ಕೆಲಸವೇ ಮುಂದಿನ ವರ್ಷ ಇರುತ್ತೋ ಇಲ್ಲವೋ ಗೊತ್ತಿಲ್ಲದವರು ಮೂರು ವರ್ಷ ನಮ್ಮ ಕೈ ಹಿಡಿದು ನಡೆಸೋದು ಹೇಗೆ? ಖಾಲಿ ಹುದ್ದೆ ತುಂಬಿ ಅನ್ನೋ ಅವರ ಕೂಗು ನಮ್ಮದೂ ಹೌದು.

ನಾವು ಕೇಳೋದು ಇಷ್ಟು. ತಿಂಗಳಿಗೊಮ್ಮೆ ಮೆಂಟರ್‌ಗಳ ಸಭೆ ನಡೆಯಲಿ. ಸ್ಕಾಲರ್‌ಶಿಪ್, ಹಾಜರಿ, ಫೇಲಾದವರು, ಕಾಲೇಜು ಬಿಟ್ಟವರು, ಈ ನಾಲ್ಕೂ ಪ್ರತಿ ಸಭೆಯಲ್ಲಿ ಚರ್ಚೆಯಾಗಲಿ. ಹಾಸ್ಟೆಲ್ ವಿದ್ಯಾರ್ಥಿಗಳಿಬ್ಬರನ್ನು ಕರೆದು ಕೂರಿಸಿಕೊಳ್ಳಲಿ. ತೀರ್ಮಾನಗಳನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಸ್ಕಾಲರ್‌ಶಿಪ್ ನಿಯಮ, ಭೇದಭಾವ ತಡೆಯುವ ನಿಯಮ ಎರಡನ್ನೂ ಮೇಷ್ಟ್ರುಗಳ ತರಬೇತಿಯಲ್ಲಿ ಸೇರಿಸಲಿ.

ಇದಕ್ಕೆ ದೊಡ್ಡ ದುಡ್ಡು ಬೇಡ, ಮನಸ್ಸು ಬೇಕು. ನಾಳೆಯೇ ಪ್ರಿನ್ಸಿಪಾಲರ ಆಫೀಸಿಗೆ ಹೋಗಿ, ನಾಲ್ಕು ಜನ ಒಟ್ಟಿಗೆ ಹೋಗಿ. ನನ್ನ ಮೆಂಟರ್ ಯಾರು, ಅವರ ಸಭೆ ಯಾವಾಗ ಅಂತ ಬರವಣಿಗೆಯಲ್ಲಿ ಕೇಳಿ. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ.