ತೊಟ್ಟಿಕ್ಕುವ ನಳ್ಳಿಯೂ ಶುಚಿತ್ವದ ವಿಷಯವೇ

ಶಅಬಾನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತದೆ. ಪರದೆ ಒಗೆಯುತ್ತೇವೆ, ಜೇಡರ ಬಲೆ ತೆಗೆಯುತ್ತೇವೆ, ಕೈಯಲ್ಲಿ ಸ್ವಲ್ಪ ಕಾಸಿದ್ದರೆ ಗೋಡೆಗೆ ಬಣ್ಣವನ್ನೂ ಬಳಿಸುತ್ತೇವೆ. ಶುಚಿಯಾದ ಮನೆಯಲ್ಲಿ ರಮಝಾನನ್ನು ಸ್ವಾಗತಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಆ ಹೊಸ ಬಣ್ಣದ ಗೋಡೆಯೊಳಗೆ ಹಾದುಹೋಗಿರುವ ಪೈಪು, ತಾರಸಿಯ ಮೇಲಿನ ಟ್ಯಾಂಕು, ಬಚ್ಚಲಿನ ಮೂಲೆಯ ಜಾಲರಿ, ಇವುಗಳ ಕಡೆಗೆ ನೀವು ಕೊನೆಯ ಬಾರಿ ಕಣ್ಣು ಹಾಯಿಸಿದ್ದು ಯಾವಾಗ? ನೆನಪಾಗದಿದ್ದರೆ ನಾಚಿಕೆಪಡಬೇಡಿ. ನನಗೂ ನೆನಪಿರಲಿಲ್ಲ.

ನಮ್ಮ ಮನೆಯಲ್ಲಿ ವುಝೂ ಮಾಡುವ ನಳ್ಳಿ ಹಿಂಬದಿಯ ಜಗಲಿಯ ಪಕ್ಕದಲ್ಲಿದೆ. ಒಂದು ಮಳೆಗಾಲ ಪೂರ್ತಿ ಅದು ತೊಟ್ಟಿಕ್ಕುತ್ತಿತ್ತು. ಬಿಗಿಯಾಗಿ ತಿರುಗಿಸಿದರೆ ಒಂದೆರಡು ದಿನ ನಿಲ್ಲುತ್ತಿತ್ತು, ಮತ್ತೆ ಅದೇ ರಾಗ. ಪ್ಲಂಬರನ್ನು ಕರೆಯಬೇಕು ಎಂದು ಮನೆಯವರೆಲ್ಲ ಹೇಳುತ್ತಿದ್ದೆವು, ಯಾರೂ ಕರೆಯಲಿಲ್ಲ. ಕೆಳಗಿನ ಕಲ್ಲಿನ ಮೇಲೆ ಪಾಚಿ ಕಟ್ಟಿತು. ಒಂದು ಮುಂಜಾನೆ ಫಜ್ರ್ ನಮಾಝ್‌ಗೆ ವುಝೂ ಮಾಡಲು ಹೋದ ಉಮ್ಮ ಅಲ್ಲೇ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ, ಆಮೇಲೆ ವಾಕರ್. ಇಂದಿಗೂ ಅವರ ನಮಾಝ್ ಕುರ್ಚಿಯ ಮೇಲೆಯೇ. ಆ ನಳ್ಳಿಯೊಳಗೆ ಸವೆದು ಹೋಗಿದ್ದದ್ದು ಒಂದು ರಬ್ಬರ್ ವಾಷರ್. ಒಂದು ಲೋಟ ಚಹಾದ ಬೆಲೆಯೂ ಅದಕ್ಕಿಲ್ಲ.

ಬಟ್ಟೆಗೆ ಒಂದು ಹನಿ ಮಲಿನ ನೀರು ಸಿಡಿದರೆ ನಮಾಝ್ ಆಗುತ್ತದೋ ಇಲ್ಲವೋ ಎಂದು ಉಸ್ತಾದರನ್ನು ಕೇಳುವವರು ನಾವು. ಆ ಎಚ್ಚರ ಇರಲೇಬೇಕು. ಆದರೆ ಅದೇ ಮಲಿನ ನೀರು ಗೋಡೆಯಲ್ಲಿ ಒಸರುತ್ತಾ ಮಕ್ಕಳು ಮಲಗುವ ಕೋಣೆಯವರೆಗೆ ಬಂದರೂ, ಅದನ್ನು ರಿಪೇರಿ ಖರ್ಚೆಂದು ಲೆಕ್ಕ ಹಾಕಿ ಮುಂದೂಡುತ್ತೇವೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಶುಚಿತ್ವವು ಸತ್ಯವಿಶ್ವಾಸದ ಅರ್ಧ ಭಾಗ ಎಂದು ಪ್ರವಾದಿ(ಸ) ಕಲಿಸಿದ್ದನ್ನು ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುತ್ತೇವೆ, ಆ ಗೋಡೆಯ ಹಿಂದಿನ ಪೈಪನ್ನು ಮರೆಯುತ್ತೇವೆ.

ಮೊದಲು ನೀರಿನ ಲೆಕ್ಕ ನೋಡೋಣ. ನಿಮ್ಮ ಮನೆಯಲ್ಲಿ ತೊಟ್ಟಿಕ್ಕುವ ನಳ್ಳಿ ಇದ್ದರೆ ಅದರ ಕೆಳಗೆ 200 ಮಿಲಿಲೀಟರಿನ ಲೋಟವೊಂದನ್ನು ಇಡಿ. ಅದು 20 ನಿಮಿಷಗಳಲ್ಲಿ ತುಂಬಿದರೆ ಗಂಟೆಗೆ 600 ಮಿಲಿಲೀಟರ್, ದಿನಕ್ಕೆ 14 ಲೀಟರಿಗೂ ಹೆಚ್ಚು, ವರ್ಷಕ್ಕೆ 5,000 ಲೀಟರಿಗೂ ಹೆಚ್ಚು ನೀರು ಹೋಯಿತು. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ನಾಲ್ಕರಿಂದ ಐದು ಮುದ್ದ್ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು ಎಂಬ ವರದಿ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇದೆ. ಒಂದು ಮುದ್ದ್ ಎಂದರೆ ಸುಮಾರು ಮುಕ್ಕಾಲು ಲೀಟರ್. ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ಜನರ ಕುಟುಂಬ ಐದು ಹೊತ್ತೂ ವುಝೂ ಮಾಡುವಷ್ಟು ನೀರು, ಯಾರೂ ಮುಟ್ಟದೆ, ಪ್ರತಿದಿನ ಚರಂಡಿಗೆ ಹೋಗುತ್ತಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಘೋಷಿಸಿದಾಗ ನಾವೆಲ್ಲ ತಲೆದೂಗಿದೆವು. ಕಾರು ತೊಳೆಯುವವನು ಕಣ್ಣಿಗೆ ಬೀಳುತ್ತಾನೆ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನಿಂದ ರಾತ್ರಿಯಿಡೀ ಸದ್ದಿಲ್ಲದೆ ಇಳಿಯುವ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಪತ್ತೆ ಹಚ್ಚಲು ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಸಾಕು. ಫ್ಲಶ್ ಟ್ಯಾಂಕಿಗೆ ಹಾಕಿ ಕಾಲು ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕೆಳಗಿನ ಬೇಸಿನ್ನಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ಹೋಗಿದೆ ಎಂದರ್ಥ.

ನೀರು ಪೋಲಾಗುವುದಕ್ಕಿಂತಲೂ ನನಗೆ ಹೆಚ್ಚು ಭಯ ಹುಟ್ಟಿಸುವ ವಿಷಯ ಬೇರೆ ಇದೆ. ಸೋರುವ ಪೈಪಿನಿಂದ ನೀರು ಹೊರಗೆ ಬರುವುದಷ್ಟೇ ಎಂದು ನಾವು ತಿಳಿದಿದ್ದೇವೆ. ಒಳಗೂ ಹೋಗುತ್ತದೆ. ನಮ್ಮ ಹೆಚ್ಚಿನ ಊರುಗಳಲ್ಲಿ ನಳ್ಳಿ ನೀರು ದಿನದ ಇಪ್ಪತ್ನಾಲ್ಕು ಗಂಟೆಯೂ ಬರುವುದಿಲ್ಲ. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಬರುತ್ತದೆ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಆಗ ಜಾಯಿಂಟಿನಲ್ಲಿ ಬಿರುಕಿದ್ದು, ಆ ಪೈಪು ಚರಂಡಿಯ ಬದಿಯಲ್ಲೋ ಚರಂಡಿಯೊಳಗಿಂದಲೋ ಹಾದಿದ್ದರೆ, ಅಲ್ಲಿನ ಕೊಳಕು ಒಳಗೆ ಸೇರಿಕೊಳ್ಳುತ್ತದೆ. ಮರುದಿನ ನೀರು ಬಂದಾಗ ಮೊದಲು ನಮ್ಮ ಬಿಂದಿಗೆಗೆ ಬೀಳುವುದು ಅದೇ. ಟೈಫಾಯಿಡ್, ಹೆಪಟೈಟಿಸ್ ಎ ಮತ್ತು ಇ ಎಂಬ ಕಾಮಾಲೆಗಳು, ವಾಂತಿಭೇದಿ ಒಂದೇ ಬೀದಿಯ ಮನೆಮನೆಗೆ ಹಬ್ಬುವುದು ಹೀಗೆಯೇ. ಇ ಬಗೆಯ ಕಾಮಾಲೆ ತುಂಬು ಗರ್ಭಿಣಿಯರ ಜೀವಕ್ಕೇ ಅಪಾಯ ತರಬಲ್ಲದು. ಆದ್ದರಿಂದ ಬೀದಿಯ ಪೈಪಿನಿಂದ ನಿಮ್ಮ ಗೇಟಿನವರೆಗೆ ಬರುವ ಆ ಹತ್ತಿಪ್ಪತ್ತು ಅಡಿ ಪೈಪನ್ನು ಒಮ್ಮೆ ನೋಡಿ ಬನ್ನಿ. ಅದು ಚರಂಡಿಯಲ್ಲಿ ಮುಳುಗಿದ್ದರೆ ಮೇಲಕ್ಕೆತ್ತಿಸಿ. ನೀರು ಬಂದ ಕೂಡಲೇ ಮೊದಲ ಒಂದೆರಡು ಕೊಡವನ್ನು ಗಿಡಕ್ಕೆ ಬಿಡಿ. ಕುಡಿಯುವ ನೀರನ್ನು ಕುದಿಸಿ.

ಇನ್ನೊಂದು ಮಾತು ಕಟುವಾಗಿಯೇ ಹೇಳಬೇಕು. ಬೀದಿಯ ಪೈಪಿಗೆ ನೇರವಾಗಿ ಮೋಟಾರ್ ಜೋಡಿಸಿ ನೀರೆಳೆಯುವವರು ನಮ್ಮಲ್ಲೂ ಇದ್ದಾರೆ. ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ. ಮೋಟಾರ್ ಎಳೆದಾಗ ಪೈಪಿನಲ್ಲಿರುವ ಪ್ರತಿಯೊಂದು ಬಿರುಕೂ ಕೊಳಕನ್ನು ಹೀರುತ್ತದೆ, ಮುಂದಿನ ಮನೆಯವರ ಪಾಲಿನ ನೀರೂ ನಮ್ಮ ಸಂಪಿಗೆ ಬಂದು ಬೀಳುತ್ತದೆ. ನೆರೆಯವನ ಹಕ್ಕನ್ನು ಕಿತ್ತುಕೊಂಡ ನೀರಿನಲ್ಲಿ ವುಝೂ ಮಾಡಿ ಯಾವ ಮುಖದಲ್ಲಿ ಸಫ್‌ನಲ್ಲಿ ನಿಲ್ಲುತ್ತೇವೆ?

ನೆರೆಯವರ ಮಾತು ಬಂದಿತೆಂದು ಫ್ಲ್ಯಾಟುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಮೇಲಿನ ಮನೆಯ ಬಾತ್‌ರೂಮಿನಿಂದ ಕೆಳಗಿನ ಮನೆಯ ಛಾವಣಿಗೆ ನೀರಿಳಿಯುವುದು ಈಗ ಎಲ್ಲ ಅಪಾರ್ಟ್‌ಮೆಂಟಿನ ಕಥೆ. ಕೆಳಗಿನವರು ಬಂದು ಹೇಳಿದರೆ ಮೇಲಿನವರು "ನಮ್ಮಲ್ಲಿ ಏನೂ ಸೋರುತ್ತಿಲ್ಲ" ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ನಿಜವೇ, ಏಕೆಂದರೆ ಸೋರುವುದು ಕೆಳಗೆ. ಗೋಡೆಯ ತೇವದಲ್ಲಿ ಬೂಷ್ಟು ಬೆಳೆಯುತ್ತದೆ, ಅಸ್ತಮಾ ಇರುವ ಮಗು ರಾತ್ರಿಯಿಡೀ ಕೆಮ್ಮುತ್ತದೆ, ಅದೇ ಗೋಡೆಯಲ್ಲಿ ವಿದ್ಯುತ್ ತಂತಿಯೂ ಇರುತ್ತದೆ. ನಿಮ್ಮ ಟೈಲ್ಸ್‌ನ ಸಂದುಗಳಲ್ಲಿ ಸಿಮೆಂಟು ಬಿಟ್ಟಿದೆಯೇ, ಕಮೋಡಿನ ಬುಡ ಅಲುಗಾಡುತ್ತಿದೆಯೇ ನೋಡಿ. ಹೆಲ್ತ್ ಫಾಸೆಟ್ ಬಳಸಿದ ಮೇಲೆ ಅದರ ಗೋಡೆಯ ನಳ್ಳಿಯನ್ನೂ ಮುಚ್ಚಿ. ಕೈಯ ಗುಂಡಿ ಬಿಟ್ಟರೆ ನೀರು ನಿಲ್ಲುತ್ತದೆ ನಿಜ, ಆದರೆ ಆ ತೆಳ್ಳಗಿನ ಪೈಪು ಹಗಲಿರುಳು ಒತ್ತಡದಲ್ಲೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ದಿನ ಒಡೆದು ಹಾಲ್‌ವರೆಗೆ ನೀರು ತುಂಬಿದ ಮನೆಗಳನ್ನು ನಾನು ನೋಡಿದ್ದೇನೆ.

ಟ್ಯಾಂಕಿನ ವಿಷಯಕ್ಕೆ ಬರೋಣ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಿ, ನೀರಿನ ತೊಗಲುಚೀಲದ ಬಾಯಿ ಕಟ್ಟಿಡಿ ಎಂದು ಪ್ರವಾದಿ(ಸ) ಆದೇಶಿಸಿದ್ದರು. ನಮ್ಮ ಕಾಲದ ತೊಗಲುಚೀಲ ತಾರಸಿಯ ಮೇಲಿದೆ, ಅದರ ಮುಚ್ಚಳ ಕಳೆದ ವರ್ಷದ ಗಾಳಿಗೆ ಹಾರಿಹೋಗಿದೆ! ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ತಿಳಿನೀರು. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಟ್ಯಾಂಕು ಖಾಲಿ ಮಾಡಿದರಷ್ಟೇ ಸಾಲದು. ಈ ಸೊಳ್ಳೆಯ ಮೊಟ್ಟೆ ಒಣಗಿದ ಗೋಡೆಗೂ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ಬಿದ್ದಾಗ ಒಡೆಯುತ್ತದೆ. ಆದ್ದರಿಂದ ಒಳಗೋಡೆಯನ್ನು ಬ್ರಶ್‌ನಿಂದ ಉಜ್ಜಲೇಬೇಕು. ತಳದ ಕೆಸರನ್ನು ತೆಗೆದು, ತೊಳೆದು, ಮತ್ತೆ ತುಂಬಿಸಿದ ಮೇಲೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಮುಚ್ಚಳ ಸರಿಯಾಗಿ ಕೂರಲಿ. ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಶಅಬಾನ್ ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಆದರೆ ಸೊಳ್ಳೆ ಹಿಜರಿ ಕ್ಯಾಲೆಂಡರ್ ನೋಡುವುದಿಲ್ಲ. ಹಾಗಾಗಿ ರಮಝಾನಿನ ಶುಚಿಯ ಜೊತೆಗೆ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಇನ್ನೊಂದು ಬಾರಿ ತೊಳೆಯಿಸಿ.

ಚರಂಡಿ ಕಟ್ಟಿಕೊಳ್ಳುವುದಕ್ಕೂ ನಮ್ಮ ಹಬ್ಬಗಳಿಗೂ ಹತ್ತಿರದ ನಂಟು. ಇಫ್ತಾರಿನ ಸಮೋಸ ಕರಿದ ಎಣ್ಣೆ, ಬಿರಿಯಾನಿಯ ಪಾತ್ರೆಯ ತುಪ್ಪ, ಬಕ್ರೀದ್‌ನಂದು ಮಾಂಸ ತೊಳೆದ ಕೊಬ್ಬು, ಎಲ್ಲವನ್ನೂ ಬಿಸಿನೀರು ಹಾಕಿ ಸಿಂಕಿಗೆ ಬಿಡುತ್ತೇವೆ. ಬಿಸಿಯಿರುವಾಗ ಕರಗಿ ಹೋಗುತ್ತದೆ. ಪೈಪಿನ ತಿರುವಿನಲ್ಲಿ ತಣ್ಣಗಾಗಿ ಮೇಣದಂತೆ ಕೂರುತ್ತದೆ. ಅದಕ್ಕೆ ಅನ್ನದ ಅಗುಳು, ಕೂದಲು ಸೇರಿದರೆ ಮುಗಿಯಿತು. ಪಾತ್ರೆಯ ಜಿಡ್ಡನ್ನು ಮೊದಲು ಹಳೆಯ ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಕುರ್ಬಾನಿಯ ಕೊಬ್ಬು, ತ್ಯಾಜ್ಯಗಳನ್ನು ಹೂಳಿ ಅಥವಾ ಸ್ಥಳೀಯ ಆಡಳಿತದ ಗಾಡಿಗೆ ಕೊಡಿ, ಚರಂಡಿಗೆ ಬೇಡವೇ ಬೇಡ. ಕಟ್ಟಿಕೊಂಡದ್ದನ್ನು ಬಿಡಿಸಲು ಆತುರದಲ್ಲಿ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದೂ ಒಟ್ಟಿಗೆ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ.

ಟಾಯ್ಲೆಟ್ ಗುಂಡಿ ಮತ್ತು ಬಾವಿ ಒಂದೇ ಅಂಗಳದಲ್ಲಿರುವ ಕರಾವಳಿಯ ಮನೆಗಳಿಗೆ ಒಂದು ಎಚ್ಚರಿಕೆ. ಇವೆರಡರ ನಡುವೆ ಕನಿಷ್ಠ 15 ಮೀಟರ್ ಅಂತರ ಇರಬೇಕೆನ್ನುತ್ತಾರೆ. ಐದು ಸೆಂಟ್ಸ್ ಜಾಗದಲ್ಲಿ ಅದು ಎಲ್ಲರಿಗೂ ಸಾಧ್ಯವಿಲ್ಲ. ಹಾಗಿರುವಾಗ ಬಾವಿ ನೀರನ್ನು ವರ್ಷಕ್ಕೊಮ್ಮೆ, ಅದರಲ್ಲೂ ಮಳೆಗಾಲದಲ್ಲಿ, ಪರೀಕ್ಷೆ ಮಾಡಿಸಿ, ಕುದಿಸದೆ ಕುಡಿಯಬೇಡಿ. ಸೆಪ್ಟಿಕ್ ಟ್ಯಾಂಕನ್ನು ತುಂಬಿ ಉಕ್ಕುವವರೆಗೆ ಕಾಯದೆ ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಗಾಡಿ ಕರೆಸಿ ಖಾಲಿ ಮಾಡಿಸಿ. ಯಾವ ಕಾರಣಕ್ಕೂ ಮನುಷ್ಯನನ್ನು ಅದರೊಳಗೆ ಇಳಿಸಬೇಡಿ. 2013ರ ಕಾಯ್ದೆಯ ಪ್ರಕಾರ ಅದು ಅಪರಾಧ, ಒಳಗಿನ ವಿಷಾನಿಲಕ್ಕೆ ಕ್ಷಣದಲ್ಲಿ ಜೀವ ಹೋಗುತ್ತದೆ. ನಮ್ಮ ಮನೆಯ ಶುಚಿತ್ವಕ್ಕಾಗಿ ಇನ್ನೊಬ್ಬರ ಮಕ್ಕಳು ಅನಾಥರಾಗುವುದನ್ನು ಅಲ್ಲಾಹನು ಮೆಚ್ಚುವನೇ?

ಗಲ್ಫ್‌ನಲ್ಲಿರುವವರ ಮನೆಗಳು ವರ್ಷದ ಹತ್ತು ತಿಂಗಳು ಬೀಗ ಹಾಕಿಕೊಂಡಿರುತ್ತವೆ. ರಜೆಗೆ ಬಂದು ಬಾಗಿಲು ತೆರೆದರೆ ಮೂಗಿಗೆ ಬಡಿಯುವ ವಾಸನೆ ಎಲ್ಲಿಂದ? ಬಚ್ಚಲಿನ ಜಾಲರಿಯ ಕೆಳಗೆ ಸ್ವಲ್ಪ ನೀರು ಸದಾ ನಿಂತಿರುತ್ತದೆ, ಗುಂಡಿಯ ಗಾಳಿಯನ್ನೂ ಜಿರಳೆಯನ್ನೂ ತಡೆಯುವುದು ಅದೇ. ಬಳಕೆಯಿಲ್ಲದಿದ್ದರೆ ಅದು ಆರಿಹೋಗುತ್ತದೆ. ಕೀಲಿಕೈ ಯಾರಲ್ಲಿದೆಯೋ ಅವರಿಗೆ ಹದಿನೈದು ದಿನಕ್ಕೊಮ್ಮೆ ಎಲ್ಲ ಜಾಲರಿಗೂ ಒಂದು ಚೆಂಬು ನೀರು ಹಾಕಲು ಹೇಳಿ. ಹೊರಡುವಾಗ ಮುಖ್ಯ ವಾಲ್ವ್ ಮುಚ್ಚಿ, ಟ್ಯಾಂಕು ಖಾಲಿ ಮಾಡಿ ಹೋಗಿ. ಉಮ್ರಾಕ್ಕೆ ಹೊರಡುವವರೂ ಇಷ್ಟನ್ನು ಮಾಡಬಹುದು.

ಇದೆಲ್ಲ ಯಾರು ಮಾಡಬೇಕು? ಹೆಚ್ಚಿನ ಮನೆಗಳಲ್ಲಿ ಸೋರುವುದನ್ನು ಮೊದಲು ಕಾಣುವವಳು ಹೆಂಗಸು, ಬಕೆಟ್ ಇಡುವವಳೂ ಅವಳೇ, "ನಾಳೆ ನೋಡೋಣ" ಎನ್ನುವವನು ಗಂಡಸು. ಪ್ರವಾದಿ(ಸ) ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂಬುದನ್ನು ಬಯಾನ್‌ನಲ್ಲಿ ಕೇಳಿ ಕಣ್ಣೊರೆಸಿಕೊಳ್ಳುವ ನಾವು ಒಂದು ವಾಷರ್ ಬದಲಿಸಲು ಕಲಿಯಬಾರದೇ? ಗೇಟ್ ವಾಲ್ವ್ ಮುಚ್ಚಿ, ಸ್ಪ್ಯಾನರಿನಲ್ಲಿ ನಳ್ಳಿಯ ತಲೆ ಬಿಚ್ಚಿ, ಹಳೆಯ ವಾಷರ್ ತೆಗೆದು ಅದೇ ಅಳತೆಯದನ್ನು ಕೂರಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ. ಹೈಸ್ಕೂಲಿಗೆ ಹೋಗುವ ಮಗನಿಗೂ ಮಗಳಿಗೂ ಕಲಿಸಿ. ಅದಕ್ಕೂ ಮೊದಲು ಮನೆಯ ಪ್ರತಿಯೊಬ್ಬರಿಗೂ ಗೇಟ್ ವಾಲ್ವ್ ಎಲ್ಲಿದೆ ಎಂದು ತೋರಿಸಿಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ತುಕ್ಕು ಹಿಡಿದು, ಬೇಕಾದ ಹೊತ್ತಿಗೆ ತಿರುಗುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ಒಂದು ಸುತ್ತು ಮುಚ್ಚಿ ತೆರೆಯಿರಿ. ಕೈಗೆ ಮೀರಿದ ಕೆಲಸಕ್ಕೆ ಪ್ಲಂಬರನ್ನು ಕರೆದಾಗ ಕೂಲಿಯಲ್ಲಿ ಚೌಕಾಸಿ ಬೇಡ, ಬೆವರು ಆರುವ ಮೊದಲೇ ಕೊಟ್ಟುಬಿಡಿ. ಮಸೀದಿ ಕಮಿಟಿಯವರೂ ವುಝೂ ಮಾಡುವಲ್ಲಿನ ನಳ್ಳಿಗಳನ್ನು ಒಂದು ಜುಮಾದ ದಿನ ಎಣಿಸಿ ನೋಡಲಿ, ಎಷ್ಟು ತೊಟ್ಟಿಕ್ಕುತ್ತಿವೆ ಎಂದು.

ನೀವು ಇಂದು ರಾತ್ರಿ ಇಶಾ ನಮಾಝ್ ಮುಗಿಸಿ, ಎಲ್ಲರೂ ಮಲಗುವ ಹೊತ್ತಿಗೆ, ಮನೆಯ ಎಲ್ಲ ನಳ್ಳಿಗಳನ್ನೂ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಕಡ್ಡಿಯೊಂದರಲ್ಲಿ ಅಳತೆ ಗುರುತು ಹಾಕಿಕೊಳ್ಳಿ. ಆ ರಾತ್ರಿ ಮೋಟಾರ್ ಹಾಕಬೇಡಿ, ಟ್ಯಾಂಕಿಗೆ ಬರುವ ನೀರಿನ ವಾಲ್ವನ್ನೂ ಮುಚ್ಚಿಡಿ. ರಾತ್ರಿ ಯಾರಾದರೂ ಎದ್ದರೆ ಬಳಸಲು ಒಂದು ಬಕೆಟ್ ನೀರು ತುಂಬಿಸಿಡಿ. ಫಜ್ರ್‌ಗೆ ಎದ್ದಾಗ, ನಳ್ಳಿ ತಿರುಗಿಸುವ ಮೊದಲು, ಅದೇ ಕಡ್ಡಿಯಲ್ಲಿ ಇನ್ನೊಮ್ಮೆ ಅಳೆದು ನೋಡಿ.