ಕೆಡದ ಪರದೆಗೆ ಕೂಲಿ

ನರಗುಂದದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಒಂದು ಸಂಜೆ ಕಂಪ್ಯೂಟರು ‘ಕೆಟ್ಟಿತು’. ಅಕ್ಷರಗಳೆಲ್ಲ ಅಂಗೈಯಗಲ ಆದವು. ಮೌಸ್ ಸರಿಸಿದ ಕಡೆಗೆ ಪರದೆಯೇ ಓಡುತ್ತಿತ್ತು. ಒಂದು ಮೂಲೆ ಕಂಡರೆ ಇನ್ನೊಂದು ಮೂಲೆ ಮಾಯ. ಮಗಳ ಕಾಲೇಜಿನ ಅರ್ಜಿಗೆ ಅಂದೇ ಕೊನೆಯ ದಿನ. ತಾಯಿ ಮಗಳು ಏನಾದರೂ ಮಾಡಿ ನೋಡೋಣವೆಂದು ಕೈ ಹಾಕುವಷ್ಟರಲ್ಲಿ ತಂಗಿಯ ಗಂಡ ಗದರಿದರು: “ಮುಟ್ಟಬ್ಯಾಡ್ರಿ ಅದನ್ನ. ಇನ್ನಷ್ಟು ಕೆಡಿಸಿಗಿಡಿಸೀರಿ.”

ಪೆಟ್ಟಿಗೆ ರಿಪೇರಿ ಅಂಗಡಿಗೆ ಹೋಯಿತು. ಅಂಗಡಿಯಾತ ಒಮ್ಮೆ ನೋಡಿ, “ಡಿಸ್‌ಪ್ಲೇ ಹೋಗೈತ್ರೀ ಅಕ್ಕಾರ. ಬಿಟ್ಟು ಹೋಗ್ರಿ, ನಾಳೆ ನೋಡೋಣ” ಅಂದ. ಮರುದಿನ ನಾನೂರು ರೂಪಾಯಿ ಎಣಿಸಿಕೊಂಡು ಪೆಟ್ಟಿಗೆ ಕೊಟ್ಟ. ಏನಾಗಿತ್ತು ಎಂದು ಆತ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅರ್ಜಿಯ ಗಡುವು ಹಿಂದಿನ ರಾತ್ರಿಯೇ ಮುಗಿದಿತ್ತು.

ಮೂರು ತಿಂಗಳಾದ ಮೇಲೆ ಇಲ್ಲಿ ರೋಣದಲ್ಲಿ ನಮ್ಮ ಮನೆಯ ಕಂಪ್ಯೂಟರಿಗೂ ಅದೇ ರೋಗ ಬಂತು. ಎದುರು ಮನೆಯ ಟೀಚರು ಬಂದರು, ನಿಂತಲ್ಲಿಂದಲೇ ಎರಡು ಕೀ ಒತ್ತಿದರು. ಪರದೆ ಮೊದಲಿನಂತಾಯಿತು. ಅವರಿಗೆ ಕೊಟ್ಟ ಚಹಾ ಇನ್ನೂ ಆರಿರಲಿಲ್ಲ.

ಗೆಳತಿಯರೇ, ಅದು ರೋಗವೇ ಅಲ್ಲ. ಕಣ್ಣು ಮಂದವಾದವರು ಓದಲೆಂದು ವಿಂಡೋಸ್‌ನಲ್ಲಿ ಮ್ಯಾಗ್ನಿಫೈಯರ್ ಎಂಬ ಭೂತಗನ್ನಡಿ ಇಟ್ಟಿದ್ದಾರೆ. ವಿಂಡೋಸ್ ಗುರುತಿನ ಕೀ ಮತ್ತು ಪ್ಲಸ್ ಕೀ ಕೂಡಿ ಒತ್ತಿದರೆ ಅದು ತೆರೆಯುತ್ತದೆ. ಕೈತಪ್ಪಿ ಒತ್ತಿದರೂ ತೆರೆಯುತ್ತದೆ. ವಿಂಡೋಸ್ ಕೀ ಹಿಡಿದು ಎಡ ಮೂಲೆಯ ಎಸ್ಕೇಪ್ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಮಿಕ್ಕದ್ದೆಲ್ಲ ಸರಿಯಿದ್ದು, ಇಂಟರ್‌ನೆಟ್ಟಿನ ಪುಟ ಮಾತ್ರ ದೊಡ್ಡದಾಗಿದ್ದರೆ, ಕಂಟ್ರೋಲ್ ಕೀ ಒತ್ತಿಕೊಂಡೇ ಮೌಸಿನ ಗಾಲಿ ತಿರುಗಿಸಿರುತ್ತೀರಿ. ಕಂಟ್ರೋಲ್ ಹಿಡಿದು ಸೊನ್ನೆ ಒತ್ತಿದರೆ ಸಾಕು. ಪರದೆ ಓಡದೆ ನಿಂತಲ್ಲೇ ಎಲ್ಲವೂ ದಪ್ಪಗೆ ಕಂಡರೆ, ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೆದು ಸ್ಕೇಲ್ ಎಂಬಲ್ಲಿ ‘ರೆಕಮೆಂಡೆಡ್’ ಎಂದು ಬರೆದ ಅಳತೆ ಆರಿಸಿ. ಇಷ್ಟೇ ವಿದ್ಯೆ.

ಈ ನರಗುಂದ ಎಂಥ ಊರು? 1980ರ ಜುಲೈನಲ್ಲಿ ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿಯ ವಿರುದ್ಧ ರೈತರು ಎದ್ದು ನಿಂತ ಊರು. ಹೊಲಕ್ಕೆ ಸರಿಯಾಗಿ ನೀರು ಬಾರದಿರುವಾಗ ಕರ ಯಾತಕ್ಕೆ ಎಂದು ಕೇಳಿದ ಊರು. ಆ ಊರಿನ ಹೆಣ್ಣುಮಗಳು ಕೆಡದ ಪರದೆಗೆ ಕೂಲಿ ಕೊಟ್ಟು ಸುಮ್ಮನೆ ಬರಬೇಕೆ?

ಅಂಗಡಿಯವನಿಗೂ ಹೊಟ್ಟೆಯಿದೆ ಎನ್ನುವವರಿದ್ದಾರೆ. ಇರಲಿ, ನಾನೂ ಒಪ್ಪುತ್ತೇನೆ. ಪೆಟ್ಟಿಗೆ ಬಿಚ್ಚಿ ಸುಟ್ಟ ಭಾಗ ತೆಗೆದು ಹೊಸದು ಕೂರಿಸಲಿ, ಕೇಳಿದಷ್ಟು ಕೊಡೋಣ. ನನ್ನ ಸಿಟ್ಟು ಆತ ದುಡ್ಡು ತೆಗೆದುಕೊಂಡದ್ದಕ್ಕಲ್ಲ, ನಿಜವನ್ನು ಮುಚ್ಚಿಟ್ಟದ್ದಕ್ಕೆ. ನಮ್ಮ ಅಂಜಿಕೆಯೇ ಅವನ ಬಂಡವಾಳ. ಆ ಬಂಡವಾಳ ಹಾಕಿಕೊಟ್ಟದ್ದಾದರೂ ಯಾರು? ‘ಮುಟ್ಟಬ್ಯಾಡ್ರಿ’ ಎಂದ ಮನೆಯವರು.

ಗಜೇಂದ್ರಗಡದ ನೇಕಾರರ ಮನೆಗಳಿಗೆ ಹೋಗಿ ನೋಡಿ. ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ. ಕೂದಲಿನಂಥ ಎಳೆ ಹರಿದರೆ ಕಣ್ಣಿಗೆ ಕಾಣದಂತೆ ಗಂಟು ಹಾಕುತ್ತಾರೆ. ಅಲ್ಲಿ ಯಾರೂ ಮುಟ್ಟಬೇಡ ಎನ್ನುವುದಿಲ್ಲ, ಏಕೆಂದರೆ ಮುಟ್ಟದಿದ್ದರೆ ಮಗ್ಗ ನಡೆಯುವುದಿಲ್ಲ. ಹೊಲಿಗೆ ಯಂತ್ರದ ದಾರ ತುಂಡಾದರೆ ನಾವು ಮೆಕ್ಯಾನಿಕ್ಕನ್ನು ಕರೆಯುತ್ತೇವೆಯೆ? ಎಳೆ ಹಿಡಿಯಬಲ್ಲ ಬೆರಳು ಎರಡು ಕೀ ಒತ್ತಲಾರದೆ?

ಕಂಪ್ಯೂಟರು ಈಗ ಗಂಡಸರ ಶೋಕಿಯ ವಸ್ತುವಲ್ಲ. ‘ಭೂಮಿ’ ಯೋಜನೆ ಬಂದ ಮೇಲೆ ಹೊಲದ ಪಹಣಿ ಅದರೊಳಗೆ ಹೋಗಿದೆ. 2023ರಲ್ಲಿ ಗೃಹಲಕ್ಷ್ಮಿಯ ನೋಂದಣಿ ಆದದ್ದೂ ಅದರಲ್ಲೇ. ಮನೆಯ ಯಜಮಾನಿ ಎಂದು ನಮ್ಮ ಹೆಸರು ಬರೆದುಕೊಳ್ಳುವ ಯಂತ್ರವನ್ನೇ ನಾವು ಮುಟ್ಟಬಾರದೆಂದರೆ ಅದು ಯಾವ ಯಜಮಾನಿಕೆ?

ತಪ್ಪು ನಮ್ಮದೂ ಇದೆ. ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುವ ನಾವು ಇದನ್ನು ಬರೆದಿಡಲಿಲ್ಲ. ನಾನು ಈಗ ಬರೆದಿದ್ದೇನೆ: ವಿಂಡೋಸ್, ಎಸ್ಕೇಪ್. ಕಂಟ್ರೋಲ್, ಸೊನ್ನೆ. ತಂಗಿಗೂ ಒಂದು ಚೀಟಿ ಬರೆದು ಕೊಟ್ಟೆ. ಅವಳು ಅದನ್ನು ಪರದೆಯ ಕೆಳಗೆ ಅಂಟಿಸಿದ್ದಾಳೆ. ಈ ವರ್ಷ ಮಗಳ ಅರ್ಜಿಯನ್ನು ತಾಯಿಯೇ ತುಂಬಿದಳು, ಗಡುವಿಗೆ ನಾಲ್ಕು ದಿನ ಮೊದಲೇ.