ಮಳೆಗೆ ಬೈದು ಏನು ಪ್ರಯೋಜನ?

ಮಗ್ರಿಬ್ ಬಾಂಗಿನ ಹೊತ್ತಿಗೆ ಕರೆಂಟ್ ಹೋದರೆ ಮಲೆನಾಡಿನ ಮಳೆಗಾಲದಲ್ಲಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಉಮ್ಮ ಕತ್ತಲೆಯಲ್ಲೇ ಮೇಣದ ಬತ್ತಿ ಹುಡುಕುತ್ತಾರೆ, ಮಕ್ಕಳು ಪುಸ್ತಕ ಮಡಚುತ್ತಾರೆ, ಮಸೀದಿಯಲ್ಲಿ ಮೈಕ್ ಇಲ್ಲದೆ ಬಾಂಗ್ ಆಗುತ್ತದೆ. ‘ಮಳೆಯಲ್ವಾ, ಏನು ಮಾಡೋದು’ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಎರಡನೇ ದಿನ ಟ್ಯಾಂಕಿ ಖಾಲಿ. ವುಝೂ ಮಾಡಲಿಕ್ಕೂ ಬಾವಿಯಿಂದ ನೀರು ಸೇದಬೇಕು. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಫ್ರಿಜ್ಜಿನೊಳಗೆ ತಂಪು ಕಳೆದುಕೊಳ್ಳುತ್ತದೆ. ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದ ಮೇಲೆ 1912ಕ್ಕೆ ದೂರು ಹೇಳುವುದಾದರೂ ಹೇಗೆ?

ಇದು ಎಲ್ಲಿಯ ಕಥೆ ಎಂಬುದನ್ನು ನೆನಪಿಡಬೇಕು. ಜೋಗದ ಜಲವಿದ್ಯುತ್ ಕೇಂದ್ರ ಶುರುವಾದದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಹಿನ್ನೀರಿನಲ್ಲಿ ಊರೂರೇ ಮುಳುಗಿದವು. ಸಿಗಂದೂರು, ತುಮರಿ ಕಡೆಯವರಿಗೆ ಹೊರಗಿನ ಲೋಕಕ್ಕೆ ಲಾಂಚೇ ದಾರಿಯಾಯಿತು. ಇಂದು ಶರಾವತಿ ಕೇಂದ್ರದ ಸಾಮರ್ಥ್ಯ 1,035 ಮೆಗಾವ್ಯಾಟ್. ಹೊಸನಗರ ತಾಲೂಕಿನ ಮಾಣಿ ಅಣೆಕಟ್ಟಿನ ನೀರಿನಿಂದ ನಡೆಯುವ ವಾರಾಹಿಯದ್ದು 460. ರಾಜ್ಯಕ್ಕೆ ಬೆಳಕು ಕೊಟ್ಟ ನೆಲ ಇದು. ಇಲ್ಲಿಯ ಮನೆಗಳು ಆಷಾಢದಲ್ಲಿ ಕತ್ತಲೆಯಲ್ಲಿ ಕೂರುವುದು ನ್ಯಾಯವೇ?

ಉತ್ಪಾದನೆ ಕೆಪಿಸಿಯದ್ದು, ದೊಡ್ಡ ಲೈನುಗಳು ಕೆಪಿಟಿಸಿಎಲ್‌ನದ್ದು, ನಮ್ಮ ಮನೆಗೆ ಕರೆಂಟ್ ತರುವುದು ಮೆಸ್ಕಾಂ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ನಾಲ್ಕೂ ಜಿಲ್ಲೆ ಅದರದ್ದೇ. ಹಾಗಾಗಿ ಕರಾವಳಿಯ ಬ್ಯಾರಿ ಮನೆಗಳಿಗೂ ಘಟ್ಟದ ಮೇಲಿನ ಅವರ ಸಂಬಂಧಿಕರ ಮನೆಗಳಿಗೂ ಇದು ಒಂದೇ ಸಮಸ್ಯೆ.

ಮೆಸ್ಕಾಂ ಏನೂ ಮಾಡುವುದಿಲ್ಲ ಎಂದರೆ ಅದು ಸುಳ್ಳು. ಆಗುಂಬೆ, ಹುಲಿಕಲ್ ಅಂಥ ಕಡೆ ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ನ ಕಷ್ಟ ಕೆಳಗೆ ನಿಂತು ಬೈಯುವವರಿಗೆ ಗೊತ್ತಾಗುವುದಿಲ್ಲ. ಮಳೆಗಾಲಕ್ಕೆಂದು ಹೆಚ್ಚುವರಿ ಗ್ಯಾಂಗ್‌ಮನ್‌ಗಳನ್ನು ತೆಗೆದುಕೊಳ್ಳುವ ಕ್ರಮವೂ ಉಂಟು. ಆದರೆ ಮಳೆ ಇಲ್ಲಿ ಹೇಳದೆ ಬರುವ ಅತಿಥಿ ಅಲ್ಲ, ಪ್ರತಿ ಜೂನ್‌ನಲ್ಲಿ ಬರುತ್ತದೆ. ಕಾಡಿನ ನಡುವೆ ಮೈಲುಗಟ್ಟಲೆ ಓಡುವ ಫೀಡರಿನ ಮೇಲೆ ಒಂದು ಕೊಂಬೆ ಬಿದ್ದರೆ ಸಾಕು, ಇಡೀ ಹೋಬಳಿ ಕತ್ತಲು. ಅಲ್ಲಲ್ಲಿ ಸ್ವಿಚ್ ಹಾಕಿ ಲೈನನ್ನು ತುಂಡು ಮಾಡಿದ್ದರೆ ಕೆಟ್ಟ ಭಾಗ ಮಾತ್ರ ಆಫ್ ಆಗಿ ಉಳಿದವರಿಗೆ ಕರೆಂಟ್ ಇರುತ್ತದೆ. ಮರ ದಟ್ಟವಾಗಿರುವ ಕಡೆ ಬರಿ ತಂತಿಯ ಬದಲು ಹೊದಿಕೆ ಇರುವ ಕೇಬಲ್ ಎಳೆಯಬಹುದು. ಕೊಂಬೆ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕಾದರೆ ಅದನ್ನು ಮಾರ್ಚ್‌ನಲ್ಲೇ ಕೇಳಬೇಕು. ಇವೆಲ್ಲ ಬೇಸಿಗೆಯ ಕೆಲಸ. ಬೇಸಿಗೆಯಲ್ಲಿ ಮಾಡದ್ದು ಜುಲೈನಲ್ಲಿ ಆಗುವುದಿಲ್ಲ.

ಒಂದು ನೆಪ ಈಗ ಇಲ್ಲ. ಮೊದಲು ಕಂಬ, ಟ್ರಾನ್ಸ್‌ಫಾರ್ಮರ್ ಹೊತ್ತ ಲಾರಿ ಹಿನ್ನೀರು ದಾಟಲು ಲಾಂಚ್ ಕಾಯಬೇಕಿತ್ತು, ಇಲ್ಲವಾದರೆ ಸುತ್ತು ದಾರಿ ಹಿಡಿಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಸಿಗಂದೂರಿಗೆ ಭಕ್ತರ ಬಸ್ಸು ಬರುವ ರಸ್ತೆಯಲ್ಲಿ ಕಂಬದ ಲಾರಿಯೂ ಬರಬಹುದು. ಜೂನ್‌ಗೆ ಮುಂಚೆಯೇ ಒಂದಷ್ಟು ಸಾಮಾನನ್ನು ಈಚೆ ದಡದಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೇಳುವ ಹಕ್ಕು ನಮಗೆ ಕಾನೂನೇ ಕೊಟ್ಟಿದೆ. 2003ರ ವಿದ್ಯುತ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಆಯೋಗ ಸೇವೆಯ ಮಟ್ಟ ನಿಗದಿ ಮಾಡುತ್ತದೆ, ಅದನ್ನು ತಪ್ಪಿದರೆ ಕಂಪೆನಿ ಗ್ರಾಹಕರಿಗೆ ಪರಿಹಾರ ಕೊಡಬೇಕು. 42ನೇ ಸೆಕ್ಷನ್ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಉಂಟು, ಅದರ ಮೇಲೆ ಓಂಬುಡ್ಸ್‌ಮನ್ ಉಂಟು. ದರ ಏರಿಸುವ ಮೊದಲು ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಉದ್ಯಮದವರು ಹೋಗುತ್ತಾರೆ, ರೈತ ಸಂಘದವರು ಹೋಗುತ್ತಾರೆ. ನಮ್ಮ ಜಮಾಅತಿನಿಂದ ಯಾರು ಹೋಗಿದ್ದಾರೆ? ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. 1912ಕ್ಕೆ ಫೋನ್ ಮಾಡಿದರೆ ದೂರಿನ ನಂಬರ್ ಕೇಳಿ ಬರೆದಿಡಿ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಮಸೀದಿಯಲ್ಲಿ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋದರೆ ಸಾಕು. ಒಂದು ಮಳೆಗಾಲದ ಆ ಲೆಕ್ಕದ ಮುಂದೆ ಯಾವ ಅಧಿಕಾರಿಯೂ ‘ಹಾಗೇನಿಲ್ಲ’ ಎನ್ನಲಾರರು.

ನಮ್ಮ ಲೆಕ್ಕವನ್ನೂ ನೋಡಬೇಕಲ್ಲ? ಲೈನಿಗೆ ತಾಗುವ ಹಲಸಿನ ಕೊಂಬೆ ಕಡಿಯಲು ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸುವವರು ನಮ್ಮಲ್ಲೂ ಇದ್ದಾರೆ. ದಾರಿಯ ಮುಳ್ಳು ಸರಿಸುವುದೂ ಸದಖಾ ಎಂದು ಮದ್ರಸದಲ್ಲಿ ಕಲಿತವರು ನಾವು. ಲೈನಿನ ಕೊಂಬೆಗೂ ಅದೇ ಮಾತು ಅನ್ವಯ ಆಗುವುದಿಲ್ಲವೇ?

ಅದಕ್ಕಿಂತ ದೊಡ್ಡದು ಜನರೇಟರ್. ಮಸೀದಿಯಲ್ಲೋ ಮನೆಯಲ್ಲೋ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಿದರೆ ಅದರ ಕರೆಂಟ್ ತಿರುಗಿ ಲೈನಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ದಾಟಿದರೆ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಕೈಯಿಟ್ಟ ಲೈನ್‌ಮ್ಯಾನ್‌ಗೆ ಅಲ್ಲೇ ಸಾವು. ನಮ್ಮ ಮನೆಯ ಬೆಳಕಿಗಾಗಿ ಇನ್ನೊಬ್ಬ ಉಮ್ಮನ ಮಗನ ಜೀವ ಹೋದರೆ ನಾಳೆ ಉತ್ತರ ಕೊಡಬೇಕಾದವರು ನಾವು. ಮುಂದಿನ ಜುಮಾಕ್ಕೆ ಮೊದಲು ಜಮಾಅತ್ ಕಮಿಟಿ ತಮ್ಮ ಮಸೀದಿಯ ಸ್ವಿಚ್ಚನ್ನು ಒಬ್ಬ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ತೋರಿಸಲಿ.

ಮಳೆ ಅಲ್ಲಾಹನ ರಹ್ಮತ್. ಅದನ್ನು ಬೈಯಬಾರದು. ಅದೇ ಮಳೆಯ ಹೆಸರಿನಲ್ಲಿ ಮೂರು ದಿನ ಕತ್ತಲೆಯಲ್ಲಿ ಕೂರಿಸುವುದನ್ನು ಒಪ್ಪಿಕೊಳ್ಳಲೂ ಬಾರದು. ಇವತ್ತೇ ಒಂದು ನೋಟ್‌ಪುಸ್ತಕ ತನ್ನಿ.